ಬದಿಯಡ್ಕದ ಹುಡುಗಿಯ ರೆಸ್ಯೂಮೆ ಮಂಗಳೂರಿನವರಿಗೆ ಯಾಕೆ ಕಾಣಲಿಲ್ಲ?

ಬಿ.ಕಾಂ. ಆಗಿದೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಒಬ್ಬ ಟ್ಯಾಕ್ಸ್ ಪ್ರಾಕ್ಟೀಷನರ್ ಆಫೀಸಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದಾಳೆ. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಅವಳ ಕೈ ಓಡುವುದನ್ನು ನೋಡುವುದೇ ಚಂದ. ಹಾಗಿದ್ದೂ ಮಂಗಳೂರಿನಲ್ಲಿ ಅಕೌಂಟೆಂಟ್ ಕೆಲಸಕ್ಕೆ ಅರ್ಜಿ ಹಾಕುತ್ತಾ ಹಾಕುತ್ತಾ ಹೆಚ್ಚು ಕಡಿಮೆ ಒಂದು ವರ್ಷ ಕಳೆದರೂ ಒಂದು ಕಡೆಯಿಂದಲೂ ಫೋನ್ ಬಂದಿರಲಿಲ್ಲ. ಇಂಟರ್‌ವ್ಯೂನಲ್ಲಿ ಸೋತದ್ದಲ್ಲ. ಇಂಟರ್‌ವ್ಯೂವರೆಗೆ ಹೋಗಲೇ ಇಲ್ಲ.

ಹೆಸರು ಬೇಡ, ಹುಡುಗಿ ಅಂತಲೇ ಬರೆಯುತ್ತೇನೆ. ದೂರದ ಸಂಬಂಧ, ನನ್ನನ್ನು ಅಕ್ಕ ಅನ್ನುತ್ತಾಳೆ. ನಾನು ಮಂಗಳೂರಿನಲ್ಲಿ ಕೆಲವು ವರ್ಷ ಕಂಪನಿಗಳಿಗೆ ಜನ ಹುಡುಕಿ ಕೊಡುವ ಕೆಲಸ ಮಾಡಿದವಳು. ಈಗ ಕುಂಬಳೆಯ ಮನೆಯಲ್ಲೇ ಕೂತು ಅದನ್ನೇ ಅಷ್ಟಿಷ್ಟು ಮಾಡುತ್ತೇನೆ. ಕಾಸರಗೋಡು ಕಡೆಯಿಂದ ಮಂಗಳೂರಿಗೋ ಬೆಂಗಳೂರಿಗೋ ಅರ್ಜಿ ಹಾಕುವ ಮಕ್ಕಳಲ್ಲಿ ಇವಳಿಗಿದ್ದ ತೊಂದರೆಗಳನ್ನೇ ಮತ್ತೆ ಮತ್ತೆ ನೋಡಿದ್ದೇನೆ. ಅದಕ್ಕೇ ಈ ಪ್ರಕರಣವನ್ನು ಪೂರ್ತಿ ಬರೆಯುತ್ತಿದ್ದೇನೆ. ಕೀವರ್ಡ್ (ಕಂಪನಿಯವರು ರೆಸ್ಯೂಮೆ ಹುಡುಕಲು ಹೊಡೆಯುವ ಪದ) ಅಂದ ಕೂಡಲೇ ಎಲ್ಲರೂ ‘ಸ್ಕಿಲ್ಸ್’ ಪಟ್ಟಿಗೆ ಕೈ ಹಾಕುತ್ತಾರೆ. ಇವಳ ವಿಷಯದಲ್ಲಿ ತೊಂದರೆ ಅದಕ್ಕಿಂತ ತುಂಬಾ ಮೊದಲೇ ಶುರುವಾಗಿತ್ತು.

ಫೈಲಿನಲ್ಲಿ ಅಕ್ಷರವೇ ಇರಲಿಲ್ಲ

ವಾಟ್ಸಾಪ್‌ನಲ್ಲಿ ಬಂದ ಪಿಡಿಎಫ್ ಮೂರು ಪುಟ ಇತ್ತು. ಊರಿನ ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ್ದು. ಮೇಲೆ ಅಲಂಕಾರದ ಅಕ್ಷರದಲ್ಲಿ ‘ಕರಿಕ್ಯುಲಮ್ ವೀಟೆ’, ಬಲಗಡೆ ಪಾಸ್‌ಪೋರ್ಟ್ ಫೋಟೋ. ಅದರ ಕೆಳಗೆ ಸವಾಲಿನ ಕೆಲಸ ಸಿಕ್ಕಿದರೆ ಸಂಸ್ಥೆಯ ಏಳಿಗೆಗೆ ದುಡಿಯುತ್ತೇನೆ ಅನ್ನುವ ಎಲ್ಲರ ರೆಸ್ಯೂಮೆಯಲ್ಲೂ ಇರುವ ಆ ವಾಕ್ಯ. ಆಮೇಲೆ ಮಾರ್ಕಿನ ಟೇಬಲ್. ಅಪ್ಪನ ಹೆಸರು, ಧರ್ಮ, ಮದುವೆ ಆಗಿದೆಯಾ ಇಲ್ಲವಾ, ಹವ್ಯಾಸ. ಕೊನೆಗೆ ಮೇಲಿನದ್ದೆಲ್ಲ ಸತ್ಯ ಅಂತ ಒಂದು ಘೋಷಣೆ, ಸ್ಥಳ, ದಿನಾಂಕ, ಸಹಿ. ಘೋಷಣೆಗೆ ಮೂರು ಸಾಲು ಇತ್ತು. ನಾಲ್ಕು ವರ್ಷದ ಕೆಲಸಕ್ಕೆ ಸಿಕ್ಕಿದ್ದು ಒಂದೇ ಸಾಲು: ‘ರೆಸ್ಪಾನ್ಸಿಬಲ್ ಫಾರ್ ಆಲ್ ಅಕೌಂಟ್ಸ್ ಅಂಡ್ ಟ್ಯಾಕ್ಸ್ ರಿಲೇಟೆಡ್ ವರ್ಕ್ಸ್.’

ಇದನ್ನೆಲ್ಲ ಓದುವ ಮೊದಲು ನಾನು ಮಾಡುವ ಒಂದು ಪರೀಕ್ಷೆ ಇದೆ. ಪಿಡಿಎಫ್ ತೆರೆದು, ಒಂದು ಸಾಲಿನ ಮೇಲೆ ಮೌಸ್ ಎಳೆದು ಅಕ್ಷರ ಸೆಲೆಕ್ಟ್ ಆಗುತ್ತದಾ ನೋಡುವುದು. ಇವಳದ್ದರಲ್ಲಿ ಆಗಲಿಲ್ಲ. ಪುಟಕ್ಕೆ ಪುಟವೇ ಒಂದು ಫೋಟೋ.

“ಇದು ಸ್ಕ್ಯಾನ್ ಮಾಡಿದ್ದಲ್ವಾ?”

“ಹೌದು ಅಕ್ಕಾ. ಪ್ರಿಂಟ್ ತೆಗೆದು ಸಹಿ ಹಾಕಿ, ಮತ್ತೆ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದ್ದು. ಸಹಿ ಇಲ್ಲದೆ ಕೊಡುವುದು ಹೇಗೆ?”

ಸರ್ಕಾರಿ ಅರ್ಜಿ ತುಂಬಿ ಅಭ್ಯಾಸ ಇರುವ ಊರು ನಮ್ಮದು. ಸಹಿ ಇಲ್ಲದ ಕಾಗದಕ್ಕೆ ಬೆಲೆ ಇಲ್ಲ ಅಂತ ಎಲ್ಲರಿಗೂ ಗೊತ್ತು. ಖಾಸಗಿ ಕೆಲಸದ ರೆಸ್ಯೂಮೆಗೆ ಸಹಿಯೂ ಬೇಡ, ಘೋಷಣೆಯೂ ಬೇಡ. ಆದರೆ ಆ ಒಂದು ಸಹಿಗಾಗಿ ಅವಳ ಅಷ್ಟೂ ಅಕ್ಷರ ಚಿತ್ರವಾಗಿಬಿಟ್ಟಿತ್ತು. ಚಿತ್ರದಿಂದ ಅಕ್ಷರ ಓದುವ ತಂತ್ರ ಕೆಲವು ಸಾಫ್ಟ್‌ವೇರ್‌ಗಳಲ್ಲಿ ಇದೆ, ಎಲ್ಲದರಲ್ಲೂ ಇಲ್ಲ. ಮೊಬೈಲಿನಲ್ಲಿ ಓರೆಯಾಗಿ ತೆಗೆದ ಪುಟವಾದರೆ ಅದನ್ನೂ ನಂಬುವ ಹಾಗಿಲ್ಲ. ಒಳಗೆ ಎಂಥ ಚಿನ್ನದಂಥ ಕೀವರ್ಡ್ ಇದ್ದರೂ ಹುಡುಕುವವರಿಗೆ ಅದು ಖಾಲಿ ಫೈಲ್.

ಡಿಟಿಪಿ ಅಂಗಡಿಯಿಂದ ಮೂಲ ವರ್ಡ್ ಫೈಲ್ ತರಿಸಿದೆವು. ಅದನ್ನು ಪೂರ್ತಿ ಕಾಪಿ ಮಾಡಿ ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿದಾಗ ಇನ್ನೊಂದು ಸಂಗತಿ ಕಂಡಿತು. ಫೋನ್ ನಂಬರ್ ಮತ್ತು ಇಮೇಲ್ ಬರಲೇ ಇಲ್ಲ. ಅವೆರಡೂ ಪುಟದ ಹೆಡರ್ ಒಳಗಿದ್ದವು. ರೆಸ್ಯೂಮೆ ಓದುವ ಕೆಲವು ಸಾಫ್ಟ್‌ವೇರ್‌ಗಳೂ ಹೆಡರ್, ಫೂಟರ್ ಭಾಗವನ್ನು ಹೀಗೇ ಬಿಟ್ಟುಬಿಡುತ್ತವೆ. ಎರಡು ಕಾಲಮ್‌ನಲ್ಲಿ ಜೋಡಿಸಿದ್ದ ಕಡೆ ಎಡದ ಸಾಲಿಗೆ ಬಲದ ಸಾಲು ಅಂಟಿಕೊಂಡು ‘ಎಂ.ಎಸ್. ಆಫೀಸ್ ಫಾದರ್ಸ್ ನೇಮ್’ ಅಂತ ಆಗಿತ್ತು. ಹುಡುಗಿ ನಕ್ಕಳು. ಯಂತ್ರ ಓದುವುದು ಸುಮಾರಾಗಿ ಹೀಗೇ.

ಹುಡುಕುವವರು ಎಲ್ಲಿ ಕೂತಿರುತ್ತಾರೆ

ಇಲ್ಲಿ ಒಂದು ತಪ್ಪು ನಂಬಿಕೆಯನ್ನು ಬಿಡಿಸಬೇಕು. ಕಂಪನಿಯಲ್ಲಿ ಒಂದು ಯಂತ್ರ ಇದೆ, ಅದಕ್ಕೆ ಕೀವರ್ಡ್ ಸಿಗದಿದ್ದರೆ ರೆಸ್ಯೂಮೆಯನ್ನು ಕಸದ ಬುಟ್ಟಿಗೆ ಎಸೆಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಾನು ನೋಡಿದ ಮಟ್ಟಿಗೆ ಹಾಗಲ್ಲ. ಎಟಿಎಸ್ ಅಂದರೆ ಅರ್ಜಿಗಳನ್ನು ಒಂದು ಕಡೆ ಜೋಡಿಸಿಡುವ ಸಾಫ್ಟ್‌ವೇರ್. ಅದು ತಾನಾಗಿ ಬೇಡ ಅನ್ನುವುದು ಹೆಚ್ಚಾಗಿ ಅರ್ಜಿಯಲ್ಲಿ ಕೇಳುವ ನೇರ ಪ್ರಶ್ನೆಗಳ ಮೇಲೆ: ಪದವಿ ಇದೆಯಾ, ಇಷ್ಟು ವರ್ಷ ಅನುಭವ ಇದೆಯಾ, ಈ ಊರಿಗೆ ಬರುತ್ತೀರಾ. ಉಳಿದದ್ದು ಹುಡುಕಾಟ. ನನ್ನಂಥವಳೊಬ್ಬಳು ಸರ್ಚ್ ಬಾಕ್ಸ್‌ನಲ್ಲಿ ನಾಲ್ಕು ಪದ ಹೊಡೆಯುತ್ತಾಳೆ, ಪಟ್ಟಿ ಬರುತ್ತದೆ, ಮೇಲಿನ ಒಂದಿಷ್ಟು ಜನರನ್ನು ನೋಡಿ ಫೋನ್ ಮಾಡುತ್ತಾಳೆ. ಮಧ್ಯಾಹ್ನದೊಳಗೆ ಐದು ಜನ ಸಿಕ್ಕಿದರೆ ಆ ದಿನದ ಹುಡುಕಾಟ ಮುಗಿಯಿತು. ಕೆಳಗಿದ್ದವರನ್ನು ಯಾರೂ ತಿರಸ್ಕರಿಸಿಲ್ಲ. ಯಾರೂ ನೋಡಿಲ್ಲ, ಅಷ್ಟೇ.

ಮಂಗಳೂರಿನ ಅಕೌಂಟೆಂಟ್ ಕೆಲಸಗಳಿಗಂತೂ ಅರ್ಧಕ್ಕರ್ಧ ಕಡೆ ಎಟಿಎಸ್ಸೇ ಇಲ್ಲ. ಮಾಲೀಕರ ಜಿಮೇಲ್ ಇದೆ. ಅದರಲ್ಲಿ ‘ಟ್ಯಾಲಿ ಜಿಎಸ್‌ಟಿ’ ಅಂತ ಹುಡುಕುತ್ತಾರೆ, ಅಟ್ಯಾಚ್ ಆದ ಪಿಡಿಎಫ್ ಒಳಗಿನ ಅಕ್ಷರವನ್ನೂ ಜಿಮೇಲ್ ಹುಡುಕಿ ಕೊಡುತ್ತದೆ. ಇಲ್ಲವಾದರೆ ನೌಕ್ರಿಯಂಥ ಜಾಬ್ ಸೈಟಿಗೆ ದುಡ್ಡು ಕಟ್ಟಿ ಅಲ್ಲಿನ ರೆಸ್ಯೂಮೆ ಕಡತದಲ್ಲಿ ಹುಡುಕುತ್ತಾರೆ. ಅಲ್ಲಿ ಪದದ ಜೊತೆಗೆ ಇನ್ನೂ ಕೆಲವು ಜರಡಿ ಇರುತ್ತದೆ. ಎಷ್ಟು ವರ್ಷ ಅನುಭವ, ಎಷ್ಟು ಸಂಬಳ, ಇತ್ತೀಚೆಗೆ ಯಾವಾಗ ಲಾಗಿನ್ ಆಗಿದ್ದಾರೆ, ಈಗ ಯಾವ ಊರಿನಲ್ಲಿದ್ದಾರೆ.

ಆ ಕೊನೆಯದ್ದರಲ್ಲೇ ನಮ್ಮ ಹುಡುಗಿ ಸಿಕ್ಕಿಬಿದ್ದದ್ದು.

ಅವಳ ಪ್ರೊಫೈಲಿನಲ್ಲಿ ಈಗಿನ ಊರು ಕಾಸರಗೋಡು, ಕೇರಳ ಅಂತಿತ್ತು. ಸುಳ್ಳೇನಲ್ಲ. ಆದರೆ ‘ಕೆಲಸಕ್ಕೆ ಬಯಸುವ ಊರು’ ಅನ್ನುವ ಜಾಗದಲ್ಲೂ ಅದೇ ಇತ್ತು. ಮಂಗಳೂರಿನಲ್ಲಿ ಕೂತು ಹುಡುಕುವವನು ಊರಿನ ಜಾಗದಲ್ಲಿ ಮಂಗಳೂರು ಅಂತ ಒತ್ತುತ್ತಾನೆ. ಜಾಸ್ತಿ ಅಂದರೆ ಉಡುಪಿ ಸೇರಿಸುತ್ತಾನೆ, ಇಲ್ಲವೇ ಇಡೀ ಕರ್ನಾಟಕ. ಕಾಸರಗೋಡನ್ನು ಸೇರಿಸುವುದು ಅವನಿಗೆ ಹೊಳೆಯುವುದೇ ಇಲ್ಲ. ಕುಂಬಳೆಯಿಂದ ಬೆಳಗ್ಗಿನ ರೈಲು ಹತ್ತಿ ಮಂಗಳೂರಿಗೆ ಹೋಗಿ ಕೆಲಸ ಮಾಡಿ ಸಂಜೆ ಮನೆಗೆ ಬರುವವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ಕಂಪ್ಯೂಟರಿನ ಪಟ್ಟಿಯಲ್ಲಿ ಮಾತ್ರ ನಾವು ಬೇರೆ ರಾಜ್ಯ. ಕಾಸರಗೋಡನ್ನು ಕೇರಳಕ್ಕೆ ಸೇರಿಸಿ 1956ರ ನವೆಂಬರ್ 1ರಂದು ಎಳೆದ ಗೆರೆ ಜಾಬ್ ಸೈಟಿನ ಡ್ರಾಪ್‌ಡೌನ್‌ನಲ್ಲಿ ಈಗಲೂ ಗಟ್ಟಿಯಾಗಿದೆ.

ಹಾಗಾಗಿ ಮೊದಲು ಬದಲಿಸಿದ್ದು ಪದವನ್ನಲ್ಲ, ಊರನ್ನು. ವಿಳಾಸ ಕಾಸರಗೋಡಿನದ್ದೇ ಉಳಿಯಿತು. ಬಯಸುವ ಊರಿಗೆ ಮಂಗಳೂರು ಮೊದಲು, ಬೆಂಗಳೂರು ಆಮೇಲೆ. ರೆಸ್ಯೂಮೆಯಲ್ಲಿ ಮನೆ ಹೆಸರು, ಪೋಸ್ಟು, ವಯಾ ಇದ್ದ ನಾಲ್ಕು ಸಾಲಿನ ವಿಳಾಸ ತೆಗೆದು ಒಂದೇ ಸಾಲು ಹಾಕಿದೆವು: ಕಾಸರಗೋಡು, ಮಂಗಳೂರಿಗೆ ದಿನವೂ ಬಂದು ಹೋಗಲು ಅಥವಾ ಅಲ್ಲೇ ಉಳಿಯಲು ತಯಾರು. ಈ ಎರಡನೇ ಮಾತು ಸುಮ್ನೆ ಹಾಕಿದ್ದಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದ ಮೇಲೆ ‘ಗಡಿ ಆಚೆಯವರು, ದಿನಾ ಬರುತ್ತಾರಾ?’ ಅನ್ನುವ ಅನುಮಾನ ಕೆಲವು ಆಫೀಸುಗಳಲ್ಲಿ ಈಗಲೂ ಇದೆ. ಕೇಳುವ ಮೊದಲೇ ಉತ್ತರ ಕೊಟ್ಟುಬಿಟ್ಟರೆ ಒಳ್ಳೆಯದು.

ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವ ರೀತಿಯೂ ಒಂದು ರಗಳೆಯೇ. ಮಂಗಳೂರು, ಬೆಂಗಳೂರುಗಳ ಇಂಗ್ಲಿಷ್ ಹೆಸರು 2014ರ ನವೆಂಬರ್‌ನಲ್ಲೇ ಬದಲಾಗಿದೆ. ಆದರೆ ಹಳೆ ಅಭ್ಯಾಸದಲ್ಲಿ ‘ಮ್ಯಾಂಗಲೋರ್’ ಅಂತ ಹೊಡೆಯುವವರು ಬೇಕಾದಷ್ಟಿದ್ದಾರೆ. ರೆಸ್ಯೂಮೆಯಲ್ಲಿ ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೆಯದು ಬರುವಂತೆ ನೋಡಿಕೊಂಡೆವು.

ಊರು ಸರಿಯಾದ ಒಂದು ವಾರದೊಳಗೆ ಸೈಟಿನಲ್ಲಿ ಅವಳ ಪ್ರೊಫೈಲ್ ಹುಡುಕಾಟದಲ್ಲಿ ಬಂದ ಲೆಕ್ಕ ಏರತೊಡಗಿತು. ಫೋನ್ ಮಾತ್ರ ಇಲ್ಲ. ಪಟ್ಟಿಯಲ್ಲಿ ಕಾಣುತ್ತಿದ್ದಾಳೆ, ಆದರೆ ಯಾರೂ ಒತ್ತಿ ನೋಡುತ್ತಿಲ್ಲ. ಪದಗಳ ಕೆಲಸ ಇಲ್ಲಿಂದ ಶುರು.

“ತಿಂಗಳಿಡೀ ಎಂತ ಮಾಡ್ತೀ?”

ರೆಸ್ಯೂಮೆ ಪಕ್ಕಕ್ಕಿಟ್ಟು ಅವಳ ಒಂದು ತಿಂಗಳ ಕೆಲಸ ಕೇಳಿದೆ.

“ಲೆಕ್ಕ ಬರೆಯುವುದು ಅಕ್ಕಾ. ರಿಟರ್ನ್ ಹಾಕುವುದು.”

“ಯಾವ ರಿಟರ್ನ್?”

“ಹನ್ನೊಂದಕ್ಕೆ ಆರ್-ಒನ್ ಹೋಗಬೇಕಲ್ಲ. ಆಮೇಲೆ ಟು-ಬಿ ತೆಗೆದು ತಾಳೆ ನೋಡುವುದು, ಇಪ್ಪತ್ತಕ್ಕೆ ತ್ರೀ-ಬಿ. ಮೂರು ತಿಂಗಳಿಗೊಮ್ಮೆ ಹಾಕುವವರದ್ದು ಹದಿಮೂರು, ಇಪ್ಪತ್ತೆರಡು.”

“ತಾಳೆ ನೋಡುವುದು ಅಂದರೆ?”

“ನಮ್ಮ ಖರೀದಿ ಬಿಲ್ಲು ಎಲ್ಲ ಅದರಲ್ಲಿ ಬಂದಿದೆಯಾ ಅಂತ. ಬರದಿದ್ದರೆ ಆ ಅಂಗಡಿಯವರಿಗೆ ಫೋನ್ ಮಾಡಿ ಬೈಯುವುದು.”

ಇಷ್ಟು ಹೇಳುವಾಗಲೇ ಒಂದು ಅಕೌಂಟೆಂಟ್ ಕೆಲಸದ ಜಾಹೀರಾತಿನ ಅರ್ಧ ಮುಗಿದಿತ್ತು. ಆಫೀಸಿನೊಳಗೆ ಅವರಿಗದು ಆರ್-ಒನ್, ತ್ರೀ-ಬಿ, ಟು-ಬಿ. ಜಾಹೀರಾತಿನಲ್ಲಿ ಅದೇ ಜಿಎಸ್‌ಟಿಆರ್-1 (ಮಾರಾಟದ ವಿವರ), ಜಿಎಸ್‌ಟಿಆರ್-3ಬಿ (ತೆರಿಗೆ ಕಟ್ಟುವ ರಿಟರ್ನ್), ಜಿಎಸ್‌ಟಿಆರ್-2ಬಿ (ಮಾರಿದವರು ತೋರಿಸಿದ ನಮ್ಮ ಖರೀದಿಯ ಪಟ್ಟಿ) ಜೊತೆ ಐಟಿಸಿ, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಕಳೆದುಕೊಳ್ಳುವ ಲೆಕ್ಕದ ರಿಕನ್ಸಿಲಿಯೇಶನ್, ವೆಂಡರ್ ಫಾಲೋ-ಅಪ್. ಬೈಯುವುದಕ್ಕೂ ಅಲ್ಲಿ ಒಂದು ಮರ್ಯಾದೆಯ ಹೆಸರು ಇದೆ ನೋಡಿ.

ಅಡಿಕೆ ವ್ಯಾಪಾರಿಗಳ ಕೆಲಸ ಕೇಳಿದೆ. ಅವಳ ಆಫೀಸಿನ ದೊಡ್ಡ ಗಿರಾಕಿಗಳು ಅವರೇ. ಚಾಲಿ, ಪಟೋರ, ಕರಿಗೋಟು ಅಂತ ಅಡಿಕೆಯ ಒಂದೊಂದು ಗ್ರೇಡಿಗೂ ಬೇರೆ ಬೇರೆ ಸ್ಟಾಕ್ ಇಡಬೇಕು. ಲೋಡು ಉತ್ತರ ಭಾರತಕ್ಕೆ ಹೋಗುತ್ತದೆ, ಹಾಗಾಗಿ ಹೊರ ರಾಜ್ಯದ ಮಾರಾಟಕ್ಕೆ ಹಾಕುವ ಐಜಿಎಸ್‌ಟಿ ಬಿಲ್ಲು, ಸರಕು ಸಾಗಿಸಲು ಬೇಕಾದ ಇ-ವೇ ಬಿಲ್. ದಾರಿಯಲ್ಲಿ ಲಾರಿ ಕೆಟ್ಟು ಬೇರೆ ಲಾರಿಗೆ ತುಂಬಿದರೆ ಇ-ವೇ ಬಿಲ್ಲಿನ ಪಾರ್ಟ್-ಬಿಯಲ್ಲಿ ಗಾಡಿ ನಂಬರ್ ಬದಲಿಸಬೇಕು. 200 ಕಿ.ಮೀ.ಗೆ ಒಂದು ದಿನದ ಲೆಕ್ಕದಲ್ಲಿ ಅವಧಿ, ಮುಗಿಯುವ ಹೊತ್ತಿಗೆ ವಿಸ್ತರಿಸಬೇಕು. ರಾತ್ರಿ ಹತ್ತು ಗಂಟೆಗೆ ಡ್ರೈವರ್ ಫೋನ್ ಮಾಡಿದ್ದೂ ಇದೆಯಂತೆ. 2023ರ ಆಗಸ್ಟ್‌ನಿಂದ ಐದು ಕೋಟಿ ದಾಟಿದ ವ್ಯಾಪಾರಕ್ಕೂ ಇ-ಇನ್‌ವಾಯ್ಸ್ (ಸರ್ಕಾರಿ ಪೋರ್ಟಲಿನಲ್ಲಿ ದಾಖಲಿಸುವ ಬಿಲ್ಲು) ಬಂದ ಮೇಲೆ ಇಬ್ಬರು ವ್ಯಾಪಾರಿಗಳದ್ದನ್ನು ಇವಳೇ ಶುರು ಮಾಡಿಕೊಟ್ಟಿದ್ದಾಳೆ. ಇದರಲ್ಲಿ ಒಂದಕ್ಷರವೂ ಆ ಮೂರು ಪುಟದಲ್ಲಿ ಇರಲಿಲ್ಲ.

“ಯಾಕೆ ಬರೆಯಲಿಲ್ಲ?”

“ಅದೆಲ್ಲ ದಿನಾ ಮಾಡುವುದಲ್ವಾ ಅಕ್ಕಾ. ಅದನ್ನೂ ಬರೆಯುವುದಾ?”

ಇದೇ ಉತ್ತರವನ್ನು ನಾನು ತುಂಬಾ ಜನರಿಂದ ಕೇಳಿದ್ದೇನೆ. ದಿನಾ ಮಾಡುವುದು ಕೆಲಸ ಅಂತ ಅನಿಸುವುದೇ ಇಲ್ಲ. ಕೋರ್ಸ್ ಮಾಡಿದ ಸರ್ಟಿಫಿಕೇಟ್ ಮಾತ್ರ ಬರೆಯುವಂಥದ್ದು ಅನಿಸುತ್ತದೆ. ಹುಡುಕುವವರಿಗೆ ಬೇಕಾದದ್ದು ದಿನಾ ಮಾಡುವುದೇ.

ಮುಂದಿನ ಹೆಜ್ಜೆ ಜಾಹೀರಾತು ಓದುವುದು. ಮಂಗಳೂರಿನ ಅಕೌಂಟೆಂಟ್, ಅಕೌಂಟ್ಸ್ ಎಕ್ಸಿಕ್ಯುಟಿವ್ ಕೆಲಸದ ಒಂದಿಷ್ಟು ಜಾಹೀರಾತು ತೆಗೆದು ಮುಂದಿಟ್ಟುಕೊಂಡೆವು. ಕೈಗೆ ಪೆನ್ಸಿಲ್ ಕೊಟ್ಟು, ತಾನು ನಿಜವಾಗಿ ಮಾಡಿದ ಕೆಲಸದ ಕೆಳಗೆ ಗೆರೆ ಎಳೆ ಅಂದೆ. ಟ್ಯಾಲಿ, ಜಿಎಸ್‌ಟಿ, ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ), ಬ್ಯಾಂಕ್ ರಿಕನ್ಸಿಲಿಯೇಶನ್, ಎಕ್ಸೆಲ್, ಅಕೌಂಟ್ಸ್ ಪೇಯಬಲ್. ಇವು ಸುಮಾರು ಎಲ್ಲದರಲ್ಲೂ ಇದ್ದವು. ಇವಳು ಎಲ್ಲದಕ್ಕೂ ಗೆರೆ ಎಳೆದಳು. ‘ಫೈನಲೈಸೇಶನ್ ಆಫ್ ಅಕೌಂಟ್ಸ್’, ಅಂದರೆ ವರ್ಷದ ಲೆಕ್ಕವನ್ನು ಬ್ಯಾಲೆನ್ಸ್ ಶೀಟ್‌ವರೆಗೆ ಮುಗಿಸುವುದು, ಬಂದಾಗ ಪೆನ್ಸಿಲ್ ನಿಂತಿತು. ಟ್ರಯಲ್ ಬ್ಯಾಲೆನ್ಸ್‌ವರೆಗೆ ಅವಳು ಮಾಡುತ್ತಾಳೆ, ಬ್ಯಾಲೆನ್ಸ್ ಶೀಟ್ ಆಫೀಸಿನ ಸರ್ ಮಾಡುತ್ತಾರೆ. ಎಷ್ಟೋ ಜನ ಇಲ್ಲಿ ಕಣ್ಣು ಮುಚ್ಚಿ ಗೆರೆ ಎಳೆಯುತ್ತಾರೆ. ನಾವು ‘ಬುಕ್ಸ್ ಅಪ್ ಟು ಟ್ರಯಲ್ ಬ್ಯಾಲೆನ್ಸ್, ಅಸಿಸ್ಟೆಡ್ ಇನ್ ಫೈನಲೈಸೇಶನ್’ ಅಂತ ಬರೆದೆವು. ಹುಡುಕುವ ಪದ ಒಳಗೆ ಬಂತು, ಸುಳ್ಳೂ ಆಗಲಿಲ್ಲ.

ಆ ಒಂದೇ ಸಾಲು ಒಡೆದು ಹೀಗಾಯಿತು. ರೆಸ್ಯೂಮೆ ಇಂಗ್ಲಿಷಿನದ್ದು, ಇಲ್ಲಿ ಕನ್ನಡದಲ್ಲೇ ಹೇಳುತ್ತೇನೆ. ಮೊದಲ ಸಾಲು: ಸುಮಾರು 35 ಗಿರಾಕಿಗಳ ಜಿಎಸ್‌ಟಿಆರ್-1, ಜಿಎಸ್‌ಟಿಆರ್-3ಬಿ ತಯಾರಿಸಿ ಫೈಲ್ ಮಾಡುವುದು, ತಿಂಗಳಿನದ್ದು ಮತ್ತು ಮೂರು ತಿಂಗಳಿನದ್ದು. ಎರಡನೆಯದು: ಖರೀದಿ ಲೆಕ್ಕವನ್ನು ಎಕ್ಸೆಲ್‌ನಲ್ಲಿ ವಿಲುಕಪ್ ಅನ್ನುವ ಸೂತ್ರ ಹಾಕಿ ಜಿಎಸ್‌ಟಿಆರ್-2ಬಿ ಜೊತೆ ಐಟಿಸಿ ರಿಕನ್ಸಿಲಿಯೇಶನ್ ಮಾಡುವುದು. ಮೂರನೆಯದು: ಅಂತರರಾಜ್ಯ ಲೋಡಿಗೆ ಇ-ಇನ್‌ವಾಯ್ಸ್, ಇ-ವೇ ಬಿಲ್. ಆಮೇಲೆ ಟಿಡಿಎಸ್ ರಿಟರ್ನುಗಳಾದ 24ಕ್ಯೂ, 26ಕ್ಯೂ, ಬ್ಯಾಂಕ್ ರಿಕನ್ಸಿಲಿಯೇಶನ್, ಗ್ರೇಡ್‌ವಾರು ಸ್ಟಾಕ್. ಪ್ರತಿ ಸಾಲಿನಲ್ಲೂ ಹುಡುಕುವ ಪದ ಒಂದಿದೆ, ಪಕ್ಕದಲ್ಲೇ ಅದನ್ನು ಎಲ್ಲಿ, ಎಷ್ಟು, ಯಾರಿಗೆ ಮಾಡಿದ್ದು ಅಂತ ಇದೆ. ಬರೀ ಸ್ಕಿಲ್ಸ್ ಪಟ್ಟಿಯಲ್ಲಿ ‘ಜಿಎಸ್‌ಟಿ’ ಅಂತ ಬರೆದರೆ ಹುಡುಕಾಟದಲ್ಲೇನೋ ಸಿಗುತ್ತೀರಿ. ಆದರೆ ಓದುವವನಿಗೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಪಟ್ಟಿ ಇರಲಿ, ಆದರೆ ಅದರಲ್ಲಿರುವ ಪ್ರತಿ ಪದವೂ ಕೆಲಸದ ಭಾಗದಲ್ಲಿ ಇನ್ನೊಮ್ಮೆ ಬರಬೇಕು. ನಾನು ಹಟ ಹಿಡಿಯುವ ನಿಯಮ ಇದೊಂದೇ.

ಸಣ್ಣ ಸಣ್ಣ ವಿಷಯ ಕೆಲವು. ಹಳೆ ಫೈಲಿನಲ್ಲಿ ‘ರಿಕನ್ಸಿಲಿಯೇಶನ್’ ಅನ್ನುವುದರ ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಒಂದು ‘ಐ’ ಬಿಟ್ಟುಹೋಗಿತ್ತು. ಓದುವ ಮನುಷ್ಯ ಗಮನಿಸದೆ ಮುಂದೆ ಹೋಗಬಹುದು, ಹುಡುಕಾಟಕ್ಕೆ ಮಾತ್ರ ಅದು ಬೇರೆಯೇ ಪದ. ಟ್ಯಾಲಿಯನ್ನು ಕೆಲವರು ಈಗಲೂ ಟ್ಯಾಲಿ ಇಆರ್‌ಪಿ 9 ಅಂತ ಹುಡುಕುತ್ತಾರೆ, ಕೆಲವರು ಟ್ಯಾಲಿ ಪ್ರೈಮ್ ಅಂತ. ಅವಳು ಎರಡರಲ್ಲೂ ಕೆಲಸ ಮಾಡಿದ್ದಾಳೆ, ಹಾಗಾಗಿ ಎರಡನ್ನೂ ಹಾಕಿದೆವು. ‘ಪ್ಲಸ್ ಟು’ ಅಂತಿದ್ದ ಕಡೆ ‘ಪ್ಲಸ್ ಟು (ಪಿಯುಸಿ)’ ಅಂತ ಮಾಡಿದೆವು. ತಲಪಾಡಿ ದಾಟಿದರೆ ಪ್ಲಸ್ ಟು ಅನ್ನುವ ಮಾತಿನ ಬಳಕೆ ಕಡಿಮೆ. ಕೇರಳದ ಪ್ರವಾಹ ಸೆಸ್ಸಿನ ರಿಟರ್ನ್ ಹಾಕಿದ್ದನ್ನು ಸೇರಿಸಬೇಕಾ ಅಂತ ಕೇಳಿದಳು. ಅದು 2019ರ ಆಗಸ್ಟ್‌ನಿಂದ 2021ರ ಜುಲೈವರೆಗೆ ಇದ್ದು ಹೋದದ್ದು, ಅದೂ ಕೇರಳದಲ್ಲಿ ಮಾತ್ರ. ಮಂಗಳೂರಿನಲ್ಲಿ ಅದನ್ನು ಯಾರು ಹುಡುಕುತ್ತಾರೆ? ಬಿಟ್ಟೆವು.

ಹುದ್ದೆಯ ಹೆಸರಿನಲ್ಲಿ ಸ್ವಲ್ಪ ಕಷ್ಟ ಇತ್ತು. ಆಫೀಸಿನ ಕಾಗದದಲ್ಲಿ ಅವಳು ‘ಆಫೀಸ್ ಸ್ಟಾಫ್’. ಹಾಗಂತ ಹುಡುಕುವವರು ಯಾರೂ ಇಲ್ಲ. ‘ಸೀನಿಯರ್ ಅಕೌಂಟೆಂಟ್’ ಅಂತ ಬರೆದುಬಿಡಲಾ ಅಂದಳು. ಬೇಡ ಅಂದೆ. ನಾಳೆ ಅನುಭವದ ಪತ್ರ ಕೇಳಿದರೆ ಎರಡೂ ತಾಳೆಯಾಗಬೇಕು. ಅದರ ಬದಲು ಅವಳ ಸರ್ ಹತ್ತಿರವೇ ಹೋಗಿ, ಯಾವ ಯಾವ ಕೆಲಸ ಮಾಡಿದ್ದಾಳೆ ಅಂತ ಬರೆದ ಒಂದು ಪತ್ರ ಕೇಳು ಅಂದೆ. “ನೀನು ಬಿಟ್ಟುಹೋಗಲಿಕ್ಕೆ ನಾನೇ ಕಾಗದ ಕೊಡಬೇಕಾ?” ಅಂತ ಅವರು ನಕ್ಕರಂತೆ. ಕೊಟ್ಟರು. ಅದರಲ್ಲಿ ಅವರೇ ‘ಅಕೌಂಟ್ಸ್ ಮತ್ತು ಜಿಎಸ್‌ಟಿ’ ಅಂತ ಸೇರಿಸಿದ್ದರು. ರೆಸ್ಯೂಮೆಯಲ್ಲಿ ಹುದ್ದೆ ‘ಆಫೀಸ್ ಸ್ಟಾಫ್, ಅಕೌಂಟ್ಸ್ ಮತ್ತು ಜಿಎಸ್‌ಟಿ’ ಆಯಿತು. ಅಕೌಂಟೆಂಟ್ ಅನ್ನುವ ಪದ ತಲೆಬರಹದಲ್ಲಿ ಬಂತು. ತಾನು ಯಾವ ಕೆಲಸ ಹುಡುಕುತ್ತಿದ್ದೇನೆ ಅಂತ ಹೇಳುವ ಜಾಗ ಅದು, ಅಲ್ಲಿ ಹಾಕಿದರೆ ತಪ್ಪಿಲ್ಲ.

ನಡುವೆ ಒಂದು ಎಡವಟ್ಟು

ನಾವು ಇದನ್ನೆಲ್ಲ ಮಾಡುತ್ತಿದ್ದಾಗ ಅವಳ ಗೆಳತಿಯೊಬ್ಬಳು ಒಂದು ಎಐ ಆ್ಯಪ್ ತೋರಿಸಿದ್ದಾಳೆ. ಜಾಹೀರಾತು ಅಂಟಿಸಿದರೆ ಅದಕ್ಕೆ ತಕ್ಕ ರೆಸ್ಯೂಮೆ ಬರುತ್ತದೆ. ಬಂತು. ನೋಡಲು ಬಹಳ ಚಂದ. ದೊಡ್ಡ ಕಂಪನಿಗಳ ಸಾಫ್ಟ್‌ವೇರ್ ಸ್ಯಾಪ್, ಅಂತರರಾಷ್ಟ್ರೀಯ ಲೆಕ್ಕದ ನಿಯಮಗಳಾದ ಐಎಫ್‌ಆರ್‌ಎಸ್, ಬಜೆಟಿಂಗ್, ಎಂಐಎಸ್ ಡ್ಯಾಶ್‌ಬೋರ್ಡ್ ಎಲ್ಲ ತುಂಬಿಕೊಂಡಿತ್ತು. ಜಾಹೀರಾತಿನಲ್ಲಿ ಇದ್ದದ್ದೆಲ್ಲ ಇವಳ ಅನುಭವವಾಗಿ ಹೊರಬಂದಿತ್ತು. ಹುಡುಗಿ ನನಗೆ ಹೇಳದೆ ಅದನ್ನು ಬೆಂಗಳೂರಿನ ಒಂದು ಕಂಪನಿಗೆ ಕಳುಹಿಸಿದಳು. ಫೋನ್ ಬಂತು. ಅವಳಿಗೆ ಬಂದ ಮೊದಲ ಫೋನ್ ಅದೇ.

“ಸ್ಯಾಪ್‌ನಲ್ಲಿ ವೆಂಡರ್ ಬಿಲ್ ಯಾವ ಸ್ಕ್ರೀನಿನಲ್ಲಿ ಹಾಕ್ತೀರಿ?” ಅಂತ ಕೇಳಿದ್ದಾರೆ. ಎಫ್‌ಬಿ60 ಅಂತ ಸ್ಯಾಪ್‌ನಲ್ಲಿ ಒಂದು ವಾರ ಕೆಲಸ ಮಾಡಿದವರಿಗೂ ಬಾಯಿಗೆ ಬರುತ್ತದೆ. ಇವಳು ಸ್ಯಾಪ್ ನೋಡಿಯೇ ಇಲ್ಲ. ಆ ಮೇಲೆ ಅವರು ಜಿಎಸ್‌ಟಿ ಬಗ್ಗೆ ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಟ್ಟರೂ ಪ್ರಯೋಜನ ಆಗಲಿಲ್ಲ. ಒಂದು ಪದ ಸುಳ್ಳಾದ ಮೇಲೆ ಉಳಿದ ನಿಜವನ್ನೂ ಯಾರೂ ನಂಬುವುದಿಲ್ಲ, ಜನ ಹುಡುಕುವ ಕುರ್ಚಿಯಲ್ಲಿ ಕೂತಿದ್ದಾಗ ನಾನೂ ಹಾಗೇ ಮಾಡುತ್ತಿದ್ದೆ.

ಎಐ ಬೇಡ ಅನ್ನುವುದಿಲ್ಲ. ಜಾಹೀರಾತಿನಲ್ಲಿ ಯಾವ ಪದ ಮುಖ್ಯ ಅಂತ ಹೆಕ್ಕಿಕೊಡಲು, ಇಂಗ್ಲಿಷ್ ತಿದ್ದಲು ಅದು ಚೆನ್ನಾಗಿದೆ. ಅನುಭವ ಬರೆಯಲು ಮಾತ್ರ ಬಿಡಬಾರದು. ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ ಕೀವರ್ಡ್ ಅಡಗಿಸಿಡುವ ಉಪಾಯವನ್ನೂ ಆ ಗೆಳತಿ ಹೇಳಿದ್ದಳಂತೆ. ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿದರೆ ಬಿಳಿ, ಕಪ್ಪು ಎಲ್ಲ ಒಂದೇ. ಸಾಫ್ಟ್‌ವೇರ್ ನಮಗೆ ತೋರಿಸುವುದೂ ಆ ಬರೀ ಅಕ್ಷರವನ್ನೇ. ಕೆಳಗಡೆ ನಲವತ್ತು ಪದದ ಗುಂಪು ಕಂಡ ಕೂಡಲೇ ವಿಷಯ ಗೊತ್ತಾಗುತ್ತದೆ.

ಅವಳು ಲೆಕ್ಕಕ್ಕೇ ಇಡದಿದ್ದ ಪದ

ಮೂರನೇ ಪುಟದ ಕೊನೆಯಲ್ಲಿ, ಹವ್ಯಾಸದ ಪಕ್ಕದಲ್ಲಿ, ‘ಲ್ಯಾಂಗ್ವೇಜಸ್ ನೋನ್’ ಅಂತ ಒಂದು ಸಾಲು ಇತ್ತು: ಇಂಗ್ಲಿಷ್, ಹಿಂದಿ, ಕನ್ನಡ, ಮಲಯಾಳಂ. ತುಳು ಇರಲಿಲ್ಲ. ಕೇಳಿದರೆ, “ತುಳು ಎಲ್ಲರಿಗೂ ಬರ್ತದಲ್ವಾ” ಅಂದಳು.

ಎಲ್ಲರಿಗೂ ಬರುವುದಿಲ್ಲ. ಕನ್ನಡ, ತುಳು ಬರುವ ಅಕೌಂಟೆಂಟ್ ಮಂಗಳೂರಿನಲ್ಲಿ ಬೇಕಾದಷ್ಟು. ಮಲಯಾಳಂ ಮಾತಾಡುವುದಷ್ಟೇ ಅಲ್ಲ, ಓದಿ ಬರೆಯಲೂ ಬರುವ, ಜೊತೆಗೆ ಕನ್ನಡ ಮೀಡಿಯಂನಲ್ಲಿ ಕಲಿತ ಅಕೌಂಟೆಂಟ್ ಎಷ್ಟು ಜನ ಸಿಗುತ್ತಾರೆ? ಕಾಸರಗೋಡು, ಕಣ್ಣೂರು ಕಡೆ ವ್ಯಾಪಾರ ಇರುವ ಮಂಗಳೂರಿನ ಅಂಗಡಿ, ಡಿಸ್ಟ್ರಿಬ್ಯೂಟರುಗಳಿಗೆ ಇದು ದಿನನಿತ್ಯದ ಅಗತ್ಯ. ಬಾಕಿ ವಸೂಲಿಗೆ ಪಯ್ಯನ್ನೂರಿಗೆ ಫೋನ್ ಮಾಡಬೇಕು, ಪುತ್ತೂರಿಗೂ ಮಾಡಬೇಕು. ನಾನು ಜನ ಹುಡುಕುತ್ತಿದ್ದಾಗ ‘ಮಲಯಾಳಂ’ ಅನ್ನುವ ಪದವನ್ನು ಸರ್ಚ್ ಬಾಕ್ಸ್‌ನಲ್ಲಿ ಅದೆಷ್ಟು ಸಲ ಹೊಡೆದಿದ್ದೇನೋ. ಗಡಿಯಲ್ಲಿ ಹುಟ್ಟಿದ್ದರಿಂದ ಆದ ನಷ್ಟದ ಲೆಕ್ಕವೇ ನಮ್ಮ ಮಕ್ಕಳ ಬಾಯಲ್ಲಿ ಜಾಸ್ತಿ. ಲಾಭದ ಈ ಒಂದು ಕಲಮನ್ನು ಯಾರೂ ಬರೆಯುವುದಿಲ್ಲ.

ಭಾಷೆಯ ಸಾಲನ್ನು ಮೂರನೇ ಪುಟದಿಂದ ಎತ್ತಿ ಮೊದಲ ಪುಟದ ಮೇಲಕ್ಕೆ ತಂದೆವು, ಓದುವುದು, ಬರೆಯುವುದು, ಮಾತಾಡುವುದು ಅಂತ ಬಿಡಿಸಿ. ಸೈಟಿನ ತಲೆಬರಹದಲ್ಲಿ ಮೊದಲು ಕಷ್ಟಪಟ್ಟು ದುಡಿಯುವ ಪ್ರಾಮಾಣಿಕ ಅಭ್ಯರ್ಥಿ ಅಂತಿತ್ತು. ಈಗ ಅಕೌಂಟೆಂಟ್, 4 ವರ್ಷ, ಜಿಎಸ್‌ಟಿ ರಿಟರ್ನ್ಸ್, ಟಿಡಿಎಸ್, ಟ್ಯಾಲಿ ಪ್ರೈಮ್, ಕನ್ನಡ-ಮಲಯಾಳಂ-ತುಳು ಅಂತಾಯಿತು. ಪಟ್ಟಿಯಲ್ಲಿ ಹೆಸರಿನ ಕೆಳಗೆ ಕಾಣುವುದು ಇದೇ. ಒತ್ತಬೇಕಾ ಬೇಡವಾ ಅಂತ ಹುಡುಕುವವರು ಇದನ್ನು ನೋಡಿಯೇ ತೀರ್ಮಾನಿಸುತ್ತಾರೆ. ಪ್ರಾಮಾಣಿಕ ಅಂತ ಯಾರೂ ಹುಡುಕುವುದಿಲ್ಲ, ಪಾಪ. ಮೂರು ಪುಟ ಇದ್ದದ್ದು ಒಂದೂವರೆಗೆ ಇಳಿಯಿತು. ಧರ್ಮ, ಮದುವೆ, ಘೋಷಣೆ ಎಲ್ಲ ಹೋಯಿತು.

ಏನಾಯಿತು

ಹೊಸ ರೆಸ್ಯೂಮೆ, ಹೊಸ ತಲೆಬರಹ ಹಾಕಿದ ಮೇಲೆ ಫೋನ್ ಬರತೊಡಗಿತು. ಒಂದು ಇನ್ಶೂರೆನ್ಸ್ ಮಾರುವ ಕೆಲಸ, ಅದನ್ನು ಬಿಡಿ. ಇನ್ನೆರಡು ಮಂಗಳೂರಿನ ನಿಜವಾದ ಅಕೌಂಟೆಂಟ್ ಕೆಲಸ. ಒಂದರಲ್ಲಿ ಸಂಬಳ ಈಗಿನದ್ದಕ್ಕಿಂತ ಕಡಿಮೆ ಹೇಳಿದರು. ಇನ್ನೊಂದು ಕೇರಳದಲ್ಲೂ ಗಿರಾಕಿಗಳಿರುವ ಒಬ್ಬ ಡಿಸ್ಟ್ರಿಬ್ಯೂಟರ್‌ದು. ಅಲ್ಲಿ ಇಂಟರ್‌ವ್ಯೂ ಮಾಡಿದವರು ರೆಸ್ಯೂಮೆ ಕೈಯಲ್ಲಿ ಹಿಡಿದೇ ಪ್ರಶ್ನೆ ಕೇಳಿದರಂತೆ.

“ಟು-ಬಿಯಲ್ಲಿ ಬಾರದ ಬಿಲ್ಲಿಗೆ ಐಟಿಸಿ ತೆಗೆದುಕೊಳ್ತೀರಾ?”

“ಇಲ್ಲ ಸರ್. 2022ರ ಜನವರಿಯಿಂದ ಆಗುವುದಿಲ್ಲ. ಸಪ್ಲೈಯರಿಗೆ ಹೇಳಿ ಅವರ ಆರ್-ಒನ್‌ನಲ್ಲಿ ಹಾಕಿಸಿ, ಟು-ಬಿಯಲ್ಲಿ ಬಂದ ತಿಂಗಳಿಗೆ ತೆಗೆದುಕೊಳ್ಳುವುದು.”

ಬ್ಯಾಲೆನ್ಸ್ ಶೀಟ್ ಪೂರ್ತಿ ಮಾಡಿದ್ದೀರಾ ಅಂತಲೂ ಕೇಳಿದರು. ಟ್ರಯಲ್ ಬ್ಯಾಲೆನ್ಸ್‌ವರೆಗೆ ಅಂತ ರೆಸ್ಯೂಮೆಯಲ್ಲಿ ಇದ್ದದ್ದನ್ನೇ ಹೇಳಿದಳು. ನಮ್ಮ ಸಿಎ ಇದ್ದಾರೆ, ಅದು ಪರವಾಗಿಲ್ಲ ಅಂದರು. ಆಮೇಲೆ ಮಲಯಾಳಂನಲ್ಲಿ ಒಬ್ಬ ಗಿರಾಕಿಗೆ ಬಾಕಿ ಕೇಳುವ ಹಾಗೆ ಮಾತಾಡಿ ತೋರಿಸಿ ಅಂದರು. ಅಡಿಕೆ ವ್ಯಾಪಾರಿಗಳ ಜೊತೆ ಪಳಗಿದವಳಿಗೆ ಅದೇನು ದೊಡ್ಡದು. ಕೆಲಸ ಸಿಕ್ಕಿತು.

ಒಬ್ಬಳ ಪ್ರಕರಣದಿಂದ ಎಲ್ಲರಿಗೂ ಲೆಕ್ಕ ಹಾಕಲು ಆಗುವುದಿಲ್ಲ. ಆದರೆ ಇಲ್ಲಿ ಬದಲಾವಣೆ ಒಂದರ ಮೇಲೊಂದು ಆದದ್ದರಿಂದ ಯಾವುದು ಏನು ಮಾಡಿತು ಅಂತ ಸ್ವಲ್ಪ ಮಟ್ಟಿಗೆ ಕಾಣುತ್ತದೆ. ಫೈಲ್ ಮತ್ತು ಊರು ಅವಳನ್ನು ಪಟ್ಟಿಯೊಳಗೆ ತಂದವು. ಪದಗಳು ಫೋನ್ ತಂದವು. ಇಂಟರ್‌ವ್ಯೂ ದಾಟಿಸಿದ್ದು ಆ ನಾಲ್ಕು ವರ್ಷದ ಹನ್ನೊಂದು, ಇಪ್ಪತ್ತನೇ ತಾರೀಕುಗಳು. ಫೈಲೇ ಫೋಟೋ ಆಗಿರುವಾಗ ಸ್ಕಿಲ್ಸ್ ಪಟ್ಟಿ ಉದ್ದ ಮಾಡುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ.

ಅಂದ ಹಾಗೆ, ಅವಳ ಅಮ್ಮನಿಗೆ ಈಗಲೂ ಪಿಎಸ್‌ಸಿ ಪರೀಕ್ಷೆ ಬರೆದು ಕೇರಳದ ಸರ್ಕಾರಿ ಕೆಲಸ ಹಿಡಿಯಲಿ ಅನ್ನುವ ಆಸೆ ಇದೆ. ಕನ್ನಡ, ಮಲಯಾಳಂ ಎರಡೂ ಬರುವವರಿಗೆ ನಮ್ಮ ಜಿಲ್ಲೆಯಲ್ಲಿ ಬೇರೆಯಾಗಿ ಹುದ್ದೆ ಕರೆಯುತ್ತಾರಲ್ಲ, ಅದು. ಬರೆಯಲಿ, ಒಳ್ಳೆಯದೇ. ಅಲ್ಲಿ ನಡೆಯುವುದು ಪರೀಕ್ಷೆ ಮತ್ತು ರ‍್ಯಾಂಕ್ ಲಿಸ್ಟ್, ಈ ಕೀವರ್ಡಿನ ಗೊಡವೆ ಅಲ್ಲಿಲ್ಲ.

ಹೊಸ ಆಫೀಸಿನಲ್ಲಿ ಟ್ಯಾಲಿ ಜೊತೆ ಝೋಹೋ ಬುಕ್ಸ್ ಅನ್ನುವ ಇನ್ನೊಂದು ಲೆಕ್ಕದ ಸಾಫ್ಟ್‌ವೇರ್ ಕೂಡ ಇದೆ. ಸೇರಿದ ವಾರವೇ ಅದನ್ನು ಪ್ರೊಫೈಲಿಗೆ ಸೇರಿಸಲಾ ಅಂತ ಮೆಸೇಜ್ ಮಾಡಿದ್ದಳು. ಒಂದು ತಿಂಗಳ ಲೆಕ್ಕ ಅದರಲ್ಲಿ ನೀನೇ ಮುಗಿಸಿದ ಮೇಲೆ ಸೇರಿಸು ಅಂದಿದ್ದೇನೆ.